ಯಾವ ಅಗಸನೂ ಮಾಡಲಾರದ ಬಿಳುಪು

ಇವತ್ತು ತಿಂಗಳ ಮೊದಲ ಭಾನುವಾರ, ಚರ್ಚಿನಲ್ಲಿ ಪ್ರಭುಭೋಜನ ಇತ್ತು, ಯೇಸು ಸ್ವಾಮಿಯ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ. ಆರಾಧನೆ ಮುಗಿದು ಎಲ್ಲರೂ ಅಂಗಳದಲ್ಲಿ ನಿಂತು ಮಾತಾಡಿಕೊಳ್ಳುವ ಹೊತ್ತಿಗೆ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಆ ಭೋಜನದ ಮೇಜಿನ ಬಿಳಿ ಬಟ್ಟೆಯನ್ನು ಮಡಚಿ ನನ್ನ ಕೈಗೆ ಕೊಡುತ್ತಾರೆ. ಅದನ್ನು ಒಗೆದು, ಇಸ್ತ್ರಿ ಮಾಡಿ, ಮುಂದಿನ ತಿಂಗಳಿಗೆ ತಂದುಕೊಡುವುದು ನಮ್ಮ ಮನೆಯ ಕೆಲಸ. ಮೂವತ್ತು ವರ್ಷ ಅಮ್ಮ ಮಾಡಿದಳು. ಅವಳ ಮಂಡಿ ಸೋತ ಮೇಲೆ ಹನ್ನೊಂದು ವರ್ಷದಿಂದ ನಾನು ಮಾಡುತ್ತಿದ್ದೇನೆ.

ಈ ಸಲ ಬಟ್ಟೆಯ ಒಂದು ಮೂಲೆಯಲ್ಲಿ ಅಂಗೈಯಗಲ ದ್ರಾಕ್ಷಾರಸ ಚೆಲ್ಲಿತ್ತು. ಸಹಾಯಕ್ಕೆ ಹೊಸದಾಗಿ ನಿಂತಿದ್ದ ಹುಡುಗನ ಕೈ ನಡುಗಿಬಿಟ್ಟಿತ್ತು. ಪಾಪ, ಅವನ ಮುಖ ನೋಡಿ ನನಗೇ ಸಂಕಟವಾಯಿತು. ಚರ್ಚ್ ಸರ್ಕಲ್ಲಿನಲ್ಲಿ ಆಟೋ ಹಿಡಿದು ಹೊರಪೇಟೆಯ ಮನೆಗೆ ಬರುವಷ್ಟರಲ್ಲಿ ಕಲೆ ಅರ್ಧ ಒಣಗಿತ್ತು. ಅಮ್ಮ ಟಿವಿ ಮುಂದೆ ಕೂತಿದ್ದಳು. ಬಟ್ಟೆ ಬಿಡಿಸಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು, ಬೆರಳಲ್ಲಿ ಒಮ್ಮೆ ಸವರಿ, "ಮೊದಲೇ ಸೋಪು ಮುಟ್ಟಿಸಬೇಡ ಕಣೆ, ನಿಂಬೆಹಣ್ಣು ಹಿಂಡು" ಅಂದಳು.

ಪ್ರತಿ ಸಲವೂ ಇದೇ ಮಾತು ಹೇಳುತ್ತಾಳೆ. ನಾನೂ ಪ್ರತಿ ಸಲ ಹೊಸದಾಗಿ ಕೇಳಿದವಳಂತೆ ಹೂಂ ಅನ್ನುತ್ತೇನೆ. ಕಪ್ಪು ದ್ರಾಕ್ಷಿಯ ಬಣ್ಣಕ್ಕೆ ಒಂದು ಗುಣ ಇದೆ. ಹುಳಿ ತಾಗಿದರೆ ಕೆಂಪಗೆ ಬಿಚ್ಚಿಕೊಳ್ಳುತ್ತದೆ, ಸೋಪಿನ ಕ್ಷಾರ ತಾಗಿದರೆ ನೀಲಿಗೆ ತಿರುಗಿ ಮಂಕಾಗಿ ನಿಂತುಬಿಡುತ್ತದೆ. ನಾನು ಮೊದಲ ಸಲ ಒಗೆದಾಗ ಅವಸರಕ್ಕೆ ಸೋಪು ತಿಕ್ಕಿ, ನೇರಳೆ ಕಲೆ ನನ್ನ ಕಣ್ಣೆದುರೇ ಬೂದುನೀಲಿಯಾದದ್ದನ್ನು ನೋಡಿ ಗಾಬರಿಯಾಗಿದ್ದೆ. ಈಗ ಗೊತ್ತು. ಅರ್ಧ ಹೋಳು ನಿಂಬೆಹಣ್ಣು, ಹತ್ತು ನಿಮಿಷ, ಆಮೇಲೆ ತಣ್ಣೀರು, ಮತ್ತೆ ನಿಂಬೆಹಣ್ಣು. ಕಲೆಯ ಅಂಚು ಮೊದಲು ಗುಲಾಬಿಯಾಗುತ್ತದೆ, ಆಮೇಲೆ ನಡುಭಾಗ. ಅದು ಕರಗುವುದನ್ನು ಕೂತು ನೋಡಬೇಕು, ಕೈ ಹಾಕಿ ಉಜ್ಜಬಾರದು.

ಹಿತ್ತಲ ಬಾಗಿಲಲ್ಲಿ ಮಣೆ ಹಾಕಿ ಕೂತು ನಾನು ಅದನ್ನೇ ನೋಡುತ್ತಿದ್ದಾಗ ಒಳಗೆ ಟಿವಿಯಲ್ಲಿ ಬಟ್ಟೆಪುಡಿಯ ಜಾಹೀರಾತು ಬಂತು. ಕೆಸರಲ್ಲಿ ಬಿದ್ದ ಮಗು, ನಗುವ ತಾಯಿ, ಒಂದು ಚಮಚ ಪುಡಿ, ಬಕೆಟ್ ತುಂಬ ನೊರೆ. ಒಂದು ಸಲ ಅದ್ದಿ ತೆಗೆದರೆ ಅಂಗಿ ಬೆಳ್ಳಗೆ. ನಾನು ಜಾಹೀರಾತುಗಳನ್ನು ದ್ವೇಷಿಸುವವಳಲ್ಲ. ಎಷ್ಟೋ ಹಾಡುಗಳು ನನಗೆ ಇವತ್ತಿಗೂ ಬಾಯಿಗೆ ಬರುತ್ತವೆ, ಅಡುಗೆ ಮಾಡುವಾಗ ಗುನುಗುತ್ತೇನೆ. ಆದರೆ ಅವರ ಬಕೆಟ್ಟಿನ ನೀರು ನಮ್ಮ ತುಮಕೂರಿನ ಬೋರ್‌ವೆಲ್ ನೀರಲ್ಲ. ನಮ್ಮದು ಗಡಸು ನೀರು. ಅದರಲ್ಲಿರುವ ಸುಣ್ಣದಂಶ ಸೋಪನ್ನು ಹಿಡಿದುಕೊಂಡು ಕಿಟ್ಟದ ಹಾಗೆ ಬಟ್ಟೆಗೆ ಅಂಟುತ್ತದೆ, ನೊರೆ ಬರುವಷ್ಟರಲ್ಲಿ ಅರ್ಧ ಸೋಪು ಖಾಲಿ. ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ನಲ್ಲಿಗೆ ಬರುವ ದಿನ ಕಾದು ಕೂತು ಬಿಳಿ ಬಟ್ಟೆ ಒಗೆಯುವ ಹೆಂಗಸರು ನಮ್ಮ ಬೀದಿಯಲ್ಲಿ ನಾನೊಬ್ಬಳೇ ಅಲ್ಲ.

ನನಗೆ ಹತ್ತು ವರ್ಷ ಇದ್ದಾಗ, 1985ರ ಸುಮಾರಿಗೆ, ಎದುರುಮನೆಯಲ್ಲಿ ಕಪ್ಪು-ಬಿಳುಪು ಟಿವಿ ಇತ್ತು. ಅದರಲ್ಲಿ ನಿರ್ಮಾ ಹುಡುಗಿ ಬಿಳಿ ಫ್ರಾಕು ಹರಡಿಕೊಂಡು ಗಿರ್ರನೆ ತಿರುಗುತ್ತಿದ್ದಳು. ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು 1969ರಲ್ಲಿ ಆ ಪುಡಿ ಮಾಡಲು ಶುರುಮಾಡಿ, ತಮ್ಮ ಮಗಳು ನಿರುಪಮಾಳ ಹೆಸರನ್ನೇ ಅದಕ್ಕೆ ಇಟ್ಟರು ಎಂದು ಬಹಳ ವರ್ಷಗಳ ಮೇಲೆ ಓದಿದೆ. ಅಂದಿನಿಂದ ಆ ಪೊಟ್ಟಣ ನೋಡಿದಾಗಲೆಲ್ಲ ಮೊದಲು ನೆನಪಾಗುವುದು ಆ ಅಪ್ಪ. ಆದರೆ ಆಗ ನನಗೆ ಬೇಕಿದ್ದದ್ದು ಆ ಫ್ರಾಕು. ಆ ವರ್ಷ ಕ್ರಿಸ್ಮಸ್ಸಿಗೆ ಅಪ್ಪ ಬಿಳಿ ಬಟ್ಟೆ ತಂದು ಹೊಲಿಸಿಕೊಟ್ಟರು. ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನಾನೂ ಗಿರ್ರನೆ ತಿರುಗಿದೆ, ತಲೆಸುತ್ತಿ ಬಿದ್ದೆ, ಫ್ರಾಕಿನ ಹಿಂದೆಲ್ಲ ಕೆಮ್ಮಣ್ಣು. ಅಳುತ್ತಾ ನಿಂತವಳನ್ನು ಅಮ್ಮ ಬೈಯಲಿಲ್ಲ. ಹಾಗೇ ಸೊಂಟಕ್ಕೆ ಎತ್ತಿಕೊಂಡಳು. ಅವಳ ಸೀರೆಗೂ ಮಣ್ಣಾಯಿತು.

ಮಾರ್ಕನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ನನಗೆ ತುಂಬ ಪ್ರಿಯವಾದ ಒಂದು ವಚನ ಇದೆ. ಬೆಟ್ಟದ ಮೇಲೆ ಯೇಸು ಸ್ವಾಮಿಯ ರೂಪ ಬದಲಾದಾಗ ಆತನ ಬಟ್ಟೆ ಹೊಳೆಯುತ್ತಾ, ಲೋಕದಲ್ಲಿ ಯಾವ ಅಗಸನೂ ಮಾಡಲಾರದಷ್ಟು ಬೆಳ್ಳಗಾಯಿತು ಎಂದು. ಮತ್ತಾಯ ಇದೇ ಸಂಗತಿ ಹೇಳುವಾಗ ಬೆಳಕಿನ ಹಾಗೆ ಅನ್ನುತ್ತಾನೆ, ಲೂಕನೂ ಹೊಳಪನ್ನೇ ಹೇಳುತ್ತಾನೆ. ಅಗಸನನ್ನು ನೆನೆಸಿಕೊಂಡವನು ಮಾರ್ಕ ಒಬ್ಬನೇ. ಅಷ್ಟು ದೊಡ್ಡ ಮಹಿಮೆಯ ನಡುವೆ ಅವನಿಗೆ ಹೊಳೆಯ ದಡದಲ್ಲಿ ಬಟ್ಟೆ ಒಗೆಯುವ ಮನುಷ್ಯ ನೆನಪಾದನಲ್ಲ ಎಂದು ನನಗೆ ಪ್ರತಿ ಸಲ ಓದಿದಾಗಲೂ ಕಣ್ಣು ತುಂಬುತ್ತದೆ. ಒಗೆಯುವ ಕೆಲಸ ಗೊತ್ತಿದ್ದವನಿಗೇ ಆ ಹೋಲಿಕೆ ಹೊಳೆಯಬೇಕು. ಎಷ್ಟು ತಿಕ್ಕಿದರೂ ಒಂದು ಹಂತದ ಆಚೆ ನಮ್ಮ ಕೈಯಲ್ಲಿ ಆಗುವುದಿಲ್ಲ ಎಂಬುದು ಒಗೆಯುವವರಿಗೆ ಚೆನ್ನಾಗಿ ಗೊತ್ತು.

ಟಿವಿಯವರು ಆ ಹಂತವನ್ನು ಒಪ್ಪುವುದಿಲ್ಲ. ಬಿಳುಪಿನ ಮೇಲೆ ಬಿಳುಪು, ಪಕ್ಕದ ಮನೆಯವರ ಬಿಳುಪಿಗಿಂತ ಬಿಳುಪು. ಅಮ್ಮ ಮನೆಯ ಬಟ್ಟೆಗೆ ನೀಲಿ ಹಾಕುತ್ತಿದ್ದಳು, ಮೇಜಿನ ಬಟ್ಟೆಗೆ ಮಾತ್ರ ಯಾವತ್ತೂ ಹಾಕಲಿಲ್ಲ. ಯಾಕೆ ಅಂತ ಕೇಳಿದ್ದೆ. "ಅದು ಬಿಳುಪಲ್ಲ ಕಣೆ, ನೀಲಿ. ನಮ್ಮ ಕಣ್ಣಿಗೆ ಹಂಗೆ ಕಾಣುತ್ತೆ ಅಷ್ಟೆ. ಕರ್ತನ ಮೇಜಿಗೆ ಬೇಡ" ಅಂದಳು. ಅಮ್ಮ ಓದಿದ್ದು ಏಳನೇ ಕ್ಲಾಸು, ಆದರೆ ಅವಳು ಹೇಳಿದ್ದು ನಿಜ. ಹಳೆಯ ಬಿಳಿ ಬಟ್ಟೆ ಹಳದಿಗೆ ತಿರುಗುತ್ತದೆ, ಚೂರು ನೀಲಿ ಬೆರೆತರೆ ಆ ಹಳದಿ ಕಣ್ಣಿಗೆ ಕಾಣದೆ ಹೋಗುತ್ತದೆ. ಕೊಳೆ ಎಳ್ಳಷ್ಟೂ ಹೋಗಿರುವುದಿಲ್ಲ. ಈಗಿನ ಎಷ್ಟೋ ಪುಡಿಗಳಲ್ಲಿ ಹೊಳಪಿನ ರಾಸಾಯನಿಕವನ್ನೇ ಬೆರೆಸಿರುತ್ತಾರೆ. ಅದು ಬಿಸಿಲಿನಲ್ಲಿರುವ ಕಣ್ಣಿಗೆ ಕಾಣದ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ತಂತಿಯ ಮೇಲೆ ಬಟ್ಟೆ ಝಗ್ಗನೆ ಹೊಳೆಯುವುದು ಅದರಿಂದ. ಹೊರಗೆ ಬೆಳ್ಳಗೆ, ಒಳಗೆ ಹೊಲಸು ಇರುವ ಕಪಟಿಗಳನ್ನು ಸುಣ್ಣ ಹಚ್ಚಿದ ಸಮಾಧಿಗಳು ಎಂದು ಯೇಸು ಸ್ವಾಮಿ ಬೈದ ಮಾತನ್ನು ಚರ್ಚಿನಲ್ಲಿ ಓದಿದಾಗಲೆಲ್ಲ ನನಗೆ ಅಮ್ಮನ ನೀಲಿಯ ಮಾತು ನೆನಪಾಗುತ್ತದೆ.

ಬಟ್ಟೆಯ ಬಿಳುಪಿನ ಜಾಹೀರಾತು ಹೇಗೋ ನಡೆಯುತ್ತದೆ. ಮೈಬಣ್ಣದ ಬಿಳುಪಿನದು ನಮ್ಮ ಮನೆಯೊಳಗೆ ಬಂದು ಕೂತಿತ್ತು, ಅದನ್ನು ಬರೆಯಲೇಬೇಕು.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು, ಅಪ್ಪನ ಹಾಗೆ ಕಪ್ಪು. ಮಧುಗಿರಿ ಕಡೆ ತಾತನ ಹೊಲದಲ್ಲಿ ಕಡಲೆಕಾಯಿ ಕೀಳುವ ಕಾಲಕ್ಕೆ ನಾವು ಮಕ್ಕಳೆಲ್ಲ ಹೋಗುತ್ತಿದ್ದೆವು. ಅಕ್ಕ ದೊಡ್ಡವರ ಸಮಕ್ಕೆ ಇಡೀ ದಿನ ಬಿಸಿಲಲ್ಲಿ ಗಿಡ ಕೀಳುತ್ತಿದ್ದಳು. ಆಮೇಲೆ ನರ್ಸಿಂಗ್ ಓದಿದಳು. 1993ರಲ್ಲಿ ಅವಳನ್ನು ನೋಡಲು ಒಂದು ಕಡೆಯವರು ಬಂದರು. ನಮ್ಮವರೇ, ನಾವು ಓದುವ ಸತ್ಯವೇದವನ್ನೇ, ಬೈಬಲನ್ನೇ, ಓದುವವರು. ಕಾಫಿ ಕುಡಿದು, ಪ್ರಾರ್ಥನೆಯನ್ನೂ ಮಾಡಿ ಹೊರಟರು. ಎರಡು ದಿನ ಬಿಟ್ಟು ಮಾತು ಬಂತು. ಹುಡುಗಿ ಒಳ್ಳೆಯವಳು, ಸ್ವಲ್ಪ ಬಣ್ಣ ಕಡಿಮೆ ಅಂತ.

ಅಮ್ಮನೇ ಹೋಗಿ ಕ್ರೀಮಿನ ಟ್ಯೂಬು ತಂದಳು. ನಾನು ಅಮ್ಮನನ್ನು ದೂರುವುದಿಲ್ಲ. ಆಗಿನ ಜಾಹೀರಾತುಗಳಲ್ಲಿ ಕಪ್ಪು ಹುಡುಗಿ ತಲೆತಗ್ಗಿಸಿ ಕೂತಿರುತ್ತಿದ್ದಳು, ಕ್ರೀಮು ಹಚ್ಚಿದ ಮೇಲೆ ಕೆಲಸ ಸಿಗುತ್ತಿತ್ತು, ಗಂಡು ಸಿಗುತ್ತಿತ್ತು, ಅಪ್ಪ ಹೆಮ್ಮೆಯಿಂದ ನಗುತ್ತಿದ್ದ. ಮಗಳ ತಾಯಿ ಅದನ್ನು ದಿನಾ ನೋಡಿದರೆ ಏನು ಮಾಡುತ್ತಾಳೆ? ಅಕ್ಕ ನಾಲ್ಕು ತಿಂಗಳು ಹಚ್ಚಿದಳು. ಕನ್ನಡಿ ಮುಂದೆ ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಒಂದು ಸಂಜೆ ಡ್ಯೂಟಿ ಮುಗಿಸಿ ಬಂದವಳು ಬಿಳಿ ಯೂನಿಫಾರಂ ಕೂಡ ಬಿಚ್ಚದೆ ಕನ್ನಡಿ ಮುಂದೆ ನಿಂತು, ಕೈಯನ್ನು ಯೂನಿಫಾರಮ್ಮಿನ ತೋಳಿನ ಪಕ್ಕ ಹಿಡಿದು ಹೋಲಿಸಿ ನೋಡುತ್ತಿದ್ದಳು. ಬಾಗಿಲಲ್ಲಿ ಅಪ್ಪ ನಿಂತಿದ್ದರು. ಏನೂ ಮಾತಾಡಲಿಲ್ಲ.

ಅವತ್ತು ರಾತ್ರಿ ಕುಟುಂಬ ಪ್ರಾರ್ಥನೆಯಲ್ಲಿ ಅಪ್ಪ ಆ ದಿನದ ಕೀರ್ತನೆ ಓದಲಿಲ್ಲ. ಸತ್ಯವೇದದಲ್ಲಿರುವ ಪ್ರೇಮಗೀತೆಗಳ ಪುಸ್ತಕ, ಪರಮಗೀತೆ ತೆರೆದರು. ನಮ್ಮ ಮನೆಯಲ್ಲಿ ಆ ಪುಸ್ತಕವನ್ನು ಯಾರೂ ಗಟ್ಟಿಯಾಗಿ ಓದಿದ್ದೇ ಇಲ್ಲ, ಮಕ್ಕಳ ಮುಂದೆ ನಾಚಿಕೆ. ಮೊದಲ ಅಧ್ಯಾಯದಲ್ಲಿ ಒಬ್ಬ ಹುಡುಗಿ ಮಾತಾಡುತ್ತಾಳೆ. ನಾನು ಕಪ್ಪಾಗಿದ್ದರೂ ಚೆಲುವೆ, ಬಿಸಿಲು ತಾಗಿ ಕಪ್ಪಾದೆ ಎಂದು ನನ್ನನ್ನು ದಿಟ್ಟಿಸಿ ನೋಡಬೇಡಿ, ಅಣ್ಣತಮ್ಮಂದಿರು ನನ್ನನ್ನು ದ್ರಾಕ್ಷಿತೋಟ ಕಾಯಲು ಹಾಕಿದರು ಎನ್ನುತ್ತಾಳೆ. ಅಷ್ಟೇ ಓದಿದರು. ದನಿ ಸ್ವಲ್ಪ ನಡುಗಿತು. ಅರ್ಧ ನಿಮಿಷವೂ ಆಗಿರಲಿಲ್ಲ. ಆಮೇಲೆ ಸತ್ಯವೇದ ಮುಚ್ಚಿ, ಯೇಸು ಸ್ವಾಮಿ ಶಿಷ್ಯರಿಗೆ ಕಲಿಸಿದ ಕರ್ತನ ಪ್ರಾರ್ಥನೆ ಹೇಳಿಕೊಟ್ಟರು. ಅಕ್ಕ ನೆಲ ನೋಡುತ್ತಾ ಕೂತಿದ್ದಳು, ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆ ಟ್ಯೂಬು ಕನ್ನಡಿಯ ಪಕ್ಕದ ಗೂಡಿನಲ್ಲೇ ಒಣಗಿತು. ಎರಡು ವರ್ಷದ ಮೇಲೆ ಬೇರೊಂದು ಒಳ್ಳೆಯ ಮನೆಗೆ ಅಕ್ಕ ಮದುವೆಯಾಗಿ ಹೋದಳು.

ಜಾಹೀರಾತು ಉದ್ಯಮದವರೇ ಕಟ್ಟಿಕೊಂಡಿರುವ ಎಎಸ್‌ಸಿಐ (ಅಡ್ವರ್ಟೈಸಿಂಗ್ ಸ್ಟ್ಯಾಂಡರ್ಡ್ಸ್ ಕೌನ್ಸಿಲ್ ಆಫ್ ಇಂಡಿಯಾ) ಎಂಬ ಸಂಸ್ಥೆ ಇದೆ. ಮೈಬಣ್ಣ ಕಪ್ಪಿರುವವರನ್ನು ದುಃಖಿಗಳಾಗಿ, ಸೋತವರಾಗಿ ತೋರಿಸಬಾರದು ಎಂದು ಅವರು 2014ರಲ್ಲಿ ನಿಯಮ ಮಾಡಿದರು. ಓದಿದ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಇಪ್ಪತ್ತೊಂದು ವರ್ಷ ಆಯ್ತಲ್ಲೇ" ಅಂದಳು, ಮತ್ತೇನೂ ಹೇಳಲಿಲ್ಲ.

ಅಪ್ಪನ ಆ ಅರ್ಧ ನಿಮಿಷ ನನ್ನ ತಲೆಯಿಂದ ಹೋಗಿಲ್ಲ. ಟಿವಿಯ ಒಂದು ಜಾಹೀರಾತೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಕರ್ತನ ಪ್ರಾರ್ಥನೆಯನ್ನು ನಾವು ಮನೆಯಲ್ಲಿ ಹೇಳುವ ಗತಿಯಲ್ಲಿ ಹೇಳಿದರೆ ಅದೂ ಅಷ್ಟೇ ಹೊತ್ತು ಹಿಡಿಯುತ್ತದೆ. ಒಮ್ಮೆ ಗೋಡೆಯ ಗಡಿಯಾರ ನೋಡಿಕೊಂಡೇ ಹೇಳಿದ್ದೆ, ಆಮೇಲೆ ಪ್ರಾರ್ಥನೆಯನ್ನು ಅಳೆದೆನಲ್ಲ ಎಂದು ಬೇಸರವಾಗಿ, ಕಣ್ಣು ಮುಚ್ಚಿ ಇನ್ನೊಮ್ಮೆ ಹೇಳಿದೆ. ಗಂಟೆಗೆ ಹನ್ನೆರಡು ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಇರಬಾರದು ಎಂದು ಕೇಬಲ್ ಟಿವಿಯ ನಿಯಮ ಇದೆ. ಹನ್ನೆರಡು ನಿಮಿಷದಲ್ಲಿ ಇಪ್ಪತ್ನಾಲ್ಕು ಅರ್ಧ ನಿಮಿಷಗಳು. ನಮ್ಮ ಅನುದಿನದ ಆಹಾರವನ್ನು ಈಹೊತ್ತು ನಮಗೆ ದಯಪಾಲಿಸು ಎಂದು ಆ ಪ್ರಾರ್ಥನೆಯಲ್ಲಿ ನಾನು ರಾತ್ರಿ ಒಂದು ಸಲ ಕೇಳುವಷ್ಟರಲ್ಲಿ, ನಿನಗೆ ಇದಿಲ್ಲ, ಅದಿಲ್ಲ ಎಂದು ಎಷ್ಟೋ ಸಲ ಕೇಳಿಸಿಕೊಂಡಿರುತ್ತೇನೆ. ಫ್ರಿಜ್ಜು ಹಳೆಯದು, ಕೂದಲು ನೆರೆತಿದೆ, ಬಾಗಿಲ ಬಣ್ಣ ಮಾಸಿದೆ. ಹೌದು, ಎಲ್ಲವೂ ನಿಜವೇ. ಆದರೆ ಇಪ್ಪತ್ಮೂರನೇ ಕೀರ್ತನೆ ನಮಗೆ ಸಂಡೇ ಸ್ಕೂಲಿನಲ್ಲಿ ಮೊದಲು ಕಲಿಸಿದ್ದು. ಯೆಹೋವನು ನನಗೆ ಕುರುಬನು, ಕೊರತೆಪಡೆನು. ಆ "ಕೊರತೆಪಡೆನು" ಎಂಬ ಒಂದು ಪದ ಚಿಕ್ಕಂದಿನಲ್ಲಿ ಅರ್ಥವಾಗದೆ ಬಾಯಿಪಾಠವಾಗಿತ್ತು. ಈಗ ಟಿವಿ ಮುಂದೆ ಕೂತಾಗ ಅದು ತಾನಾಗಿ ನಾಲಿಗೆಗೆ ಬರುತ್ತದೆ. ಗಟ್ಟಿಯಾಗಿಯೇ ಹೇಳಿಬಿಡುತ್ತೇನೆ. ಅಮ್ಮ ಆಮೆನ್ ಅನ್ನುತ್ತಾಳೆ.

ನಾವಿಬ್ಬರೇ ಆದ ಮೇಲೆ ಪ್ರಾರ್ಥನೆಗೆ ಹೊತ್ತು ಗೊತ್ತಿಲ್ಲದ ಹಾಗಾಗಿತ್ತು. ಅಮ್ಮನಿಗೆ ಧಾರಾವಾಹಿ ನಡುವೆ ಎದ್ದು ಬರಲು ಮನಸ್ಸಿಲ್ಲ, ಅದು ಮುಗಿದರೆ ನಿದ್ದೆ. ಹೋದ ವರ್ಷದಿಂದ ಅವಳೇ ಒಂದು ದಾರಿ ಹುಡುಕಿದ್ದಾಳೆ. ಜಾಹೀರಾತು ಬಂದ ತಕ್ಷಣ ರಿಮೋಟಿನಲ್ಲಿ ಸದ್ದು ನಿಲ್ಲಿಸಿ "ಬಾರೇ" ಎಂದು ಕರೆಯುತ್ತಾಳೆ. ಮಂಚದ ಪಕ್ಕ ಕೂತು ಒಂದು ಕೀರ್ತನೆ ಓದಿ, ಇಬ್ಬರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತೇವೆ. ಮುಚ್ಚಿದ ರೆಪ್ಪೆಯ ಮೇಲೆ ಟಿವಿಯ ಬೆಳಕು ಆಡುತ್ತಿರುತ್ತದೆ, ಕೆಂಪು, ನೀಲಿ, ಜೋರಾದ ಬಿಳಿ. ಅಮ್ಮ ಒಬ್ಬೊಬ್ಬರ ಹೆಸರೂ ಹೇಳಿ ಬೇಡಿಕೊಳ್ಳುತ್ತಾಳೆ, ಮೊದಲು ಅಕ್ಕನ ಹೆಸರು. ಇವತ್ತು ದ್ರಾಕ್ಷಾರಸ ಚೆಲ್ಲಿದ ಹುಡುಗನನ್ನೂ ನೆನೆದಳು, ಅವನ ಹೆಸರು ಗೊತ್ತಿಲ್ಲದೆ "ಆ ಮಗುವನ್ನ ಹೆದರಿಸಬೇಡ ಕರ್ತನೇ" ಅಂದಳು.

ಈಗ ಹತ್ತು ಗಂಟೆ. ಬಕೆಟ್ಟಿನಲ್ಲಿ ನೋಡಿ ಬಂದೆ. ಕಲೆ ಹೋಗಿದೆ ಅನ್ನುವ ಹಾಗೂ ಇಲ್ಲ, ಇದೆ ಅನ್ನುವ ಹಾಗೂ ಇಲ್ಲ, ತೆಳು ಗುಲಾಬಿಯಾಗಿ ಒಂದು ಗೆರೆ ಉಳಿದಿದೆ. ನೀರು ಬದಲಿಸಿ ಇನ್ನರ್ಧ ನಿಂಬೆಹಣ್ಣು ಹಿಂಡಿದ್ದೇನೆ. ಬೆಳಿಗ್ಗೆ ಐದೂವರೆಗೆ ಹೇಮಾವತಿ ನೀರು ಬರುತ್ತದೆ, ನಲ್ಲಿಯ ಕೆಳಗೆ ಬಿಂದಿಗೆ ಇಟ್ಟಾಯಿತು.