ಚಳಿಗಾಲದ ಮ್ಯೂನಿಕ್‌ನಲ್ಲಿ ಒಂದೇ ಒಂದು ಭಾನುವಾರ ಸಿಕ್ಕರೆ?

ಆಫೀಸ್ ಕೆಲಸಕ್ಕೆ ಡಿಸೆಂಬರ್, ಜನವರಿಯಲ್ಲಿ ಜರ್ಮನಿಗೆ ಹೊರಡುವವರೆಲ್ಲ ಕೇಳುವ ಪ್ರಶ್ನೆ ಇದು: "ಮ್ಯೂನಿಕ್‌ನಲ್ಲಿ ಎರಡು ವಾರ ಕೆಲಸ, ತಿರುಗಾಡೋಕೆ ಒಂದು ಭಾನುವಾರ ಮಾತ್ರ. ಏನು ನೋಡಲಿ? ನೊಯ್‌ಶ್ವಾನ್‌ಸ್ಟೈನ್ ಅರಮನೆಗೆ ಹೋಗಿಬರಬಹುದಾ?"

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. ಅರಮನೆಗೆ ಹತ್ತಿರದ ಊರು ಫ್ಯೂಸೆನ್‌ಗೆ ರೈಲಿನಲ್ಲಿ ಎರಡು ಗಂಟೆ, ಅಲ್ಲಿಂದ ಬಸ್ಸು, ಆಮೇಲೆ ಅರ್ಧ ಗಂಟೆಗೂ ಹೆಚ್ಚು ಏರುದಾರಿ. ಒಳಗೆ ಗೈಡ್ ಜೊತೆ ಸುಮಾರು ಅರ್ಧ ಗಂಟೆಯ ಸುತ್ತು, ಫೋಟೊ ತೆಗೆಯುವಂತಿಲ್ಲ. ಆ ಪ್ರಸಿದ್ಧ ನೋಟ ಕಾಣುವ ಮರಿಯೆನ್‌ಬ್ರ್ಯೂಕೆ ಸೇತುವೆಯನ್ನು ಹಿಮ ಕಟ್ಟಿದಾಗ ಮುಚ್ಚುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು 8ಕ್ಕೆ, ಮುಳುಗುವುದು ಸಂಜೆ 4.20ರ ಸುಮಾರಿಗೆ. ಇರುವ ಎಂಟು ಗಂಟೆ ಬೆಳಕಿನಲ್ಲಿ ಅರ್ಧವನ್ನು ರೈಲಿನ ಕಿಟಕಿಗೆ ಕೊಡಬೇಡಿ. ಊರೊಳಗೇ ಇರಿ. ಬೆಳಕಿದ್ದಾಗ ಹೊರಗೆ, ಕತ್ತಲಾದ ಮೇಲೆ ಒಳಗೆ. ಇಡೀ ಪ್ಲಾನ್ ಇಷ್ಟೇ.

ಮೊದಲು ಕಾಲಿನ ಮಾತು. ಹಗಲು ಮೂರ್ನಾಲ್ಕು ಡಿಗ್ರಿ, ರಾತ್ರಿ ಸೊನ್ನೆಯ ಕೆಳಗೆ ಎಂದುಕೊಳ್ಳಿ. ಎಲ್ಲರೂ ದಪ್ಪ ಜಾಕೆಟ್ ಹುಡುಕುತ್ತಾರೆ, ಕೆಳಗೆ ಮಾತ್ರ ಅದೇ ಜೀನ್ಸ್, ಅದೇ ಆಫೀಸ್ ಶೂ. ನುಣುಪಾದ ಅಟ್ಟೆಯ ಶೂ ಹಿಮದ ಮೇಲೆ ಜಾರುತ್ತದೆ. ಹಿಮ ಕರಗಿಸಲು ಎಸೆದ ಉಪ್ಪು ತೊಗಲಿನ ಮೇಲೆ ಬಿಳಿ ಗೆರೆ ಕೂರಿಸುತ್ತದೆ. ಹಲ್ಲುಹಲ್ಲಾದ ರಬ್ಬರ್ ಅಟ್ಟೆಯ ಶೂ, ಒಂದು ಜೊತೆ ಉಣ್ಣೆಯ ಸಾಕ್ಸ್, ಪ್ಯಾಂಟಿನೊಳಗೆ ಥರ್ಮಲ್ ಇರಲಿ. ಎರಡು ಸಾಕ್ಸ್ ತುರುಕಿದರೆ ಶೂ ಬಿಗಿಯಾಗಿ ರಕ್ತ ಸರಿಯಾಗಿ ಹರಿಯದೆ ಬೆರಳು ಇನ್ನೂ ತಣ್ಣಗಾಗುತ್ತವೆ. ಮೇಲಿನ ಜಾಕೆಟ್ ಗಾಳಿ ತಡೆಯುವಂಥದ್ದಾಗಿರಬೇಕು. ಊರಿಂದ ತಂದ ಸ್ವೆಟರ್ ಅದರೊಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಹೊರಗೆ ಅಲ್ಲ. ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ.

ಟಿಕೆಟ್ ಸುಲಭ. ಇಡೀ ಊರನ್ನು ಒಳಗೊಂಡ ಎಂ ವಲಯದ ಒಂದು ದಿನದ ಟಿಕೆಟ್, ಅಂದರೆ ಟಾಗೆಸ್‌ಕಾರ್ಟೆ, ಮರುದಿನ ಬೆಳಿಗ್ಗೆ 6ರವರೆಗೂ ಮೆಟ್ರೊ, ಟ್ರಾಮ್, ಬಸ್ಸು ಎಲ್ಲಕ್ಕೂ ನಡೆಯುತ್ತದೆ. ಸಹೋದ್ಯೋಗಿಗಳು ಜೊತೆಗಿದ್ದರೆ ಐದು ಜನರವರೆಗೆ ಒಂದೇ ಗುಂಪು ಟಿಕೆಟ್ ಅಗ್ಗ. ನಮ್ಮ ಮೆಟ್ರೊದ ಹಾಗೆ ಗೇಟ್ ಇರುವುದಿಲ್ಲ, ಹಾಗಾಗಿ ಮುದ್ರೆ ಬೀಳದ ಕಾಗದದ ಟಿಕೆಟ್ ಹಿಡಿದು ಒಳಗೆ ಹೋಗಿಬಿಡುವುದು ಮಾಮೂಲಿ ಎಡವಟ್ಟು. ಟಿಕೆಟಿನ ಮೇಲೆ ದಿನಾಂಕ ಇಲ್ಲದಿದ್ದರೆ ಪ್ಲಾಟ್‌ಫಾರ್ಮಿಗೆ ಇಳಿಯುವ ಮುಂಚೆ ಪುಟ್ಟ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಿ. ಸಿಕ್ಕಿಬಿದ್ದರೆ 60 ಯೂರೊ ದಂಡ; ಗೊತ್ತಿರಲಿಲ್ಲ ಅಂದರೆ ಕೇಳುವುದಿಲ್ಲ. ವಾರಾಂತ್ಯದಲ್ಲಿ ರಿಪೇರಿಗೆಂದು ಎಸ್-ಬಾನ್ ಎಂಬ ಉಪನಗರ ರೈಲಿನ ನಡುಮಾರ್ಗ ಮುಚ್ಚುವುದುಂಟು, ಹೊರಡುವ ಮುನ್ನ ಆ್ಯಪ್ ನೋಡಿ.

ಬೆಳಿಗ್ಗೆ 10ರ ಹೊತ್ತಿಗೆ ಊರ ನಡುವಿನ ಚೌಕ ಮರಿಯೆನ್‌ಪ್ಲಾಟ್ಸ್ ತಲುಪಿ. ಪಕ್ಕದ ಸೇಂಟ್ ಪೀಟರ್ ಚರ್ಚಿನ ಗೋಪುರಕ್ಕೆ 300ಕ್ಕೂ ಹೆಚ್ಚು ಮೆಟ್ಟಿಲು, ಲಿಫ್ಟ್ ಇಲ್ಲ. ಇಕ್ಕಟ್ಟಿನ ಮರದ ಮೆಟ್ಟಿಲು, ಹತ್ತುವವರಿಗೂ ಇಳಿಯುವವರಿಗೂ ಅದೇ ದಾರಿ, ಅದಕ್ಕೇ ಜನ ಸೇರುವ ಮುಂಚೆ ಹತ್ತಿ. ದಕ್ಷಿಣದ ಬೆಚ್ಚನೆಯ ಫ್ಯೋನ್ ಗಾಳಿ ಬೀಸಿದ ದಿನ ಆಲ್ಪ್ಸ್ ಸಾಲು ಕೈಗೆಟುಕುವಷ್ಟು ಹತ್ತಿರ ಕಾಣುತ್ತದೆ. ಮಂಜು ಕವಿದಿದ್ದರೆ ಮೊಣಕಾಲು ಉಳಿಸಿಕೊಳ್ಳಿ.

11ಕ್ಕೆ ಮುಂಚೆ ಕೆಳಗಿಳಿದು ಪುರಭವನದ ಎದುರು ನಿಲ್ಲಿ. ಅಲ್ಲಿನ ಗೊಂಬೆ ಗಡಿಯಾರ 11ಕ್ಕೆ ಮತ್ತು 12ಕ್ಕೆ ಆಡುತ್ತದೆ. ಸಂಜೆ 5ರ ಆಟ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ, ಚಳಿಗಾಲದಲ್ಲಿ ಕಾದರೆ ಕಾದದ್ದೇ ಬಂತು. ಬಾರಿಸುವ ಗಂಟೆಗಳು 43, ಗೊಂಬೆಗಳು 32. ಮೇಲಂತಸ್ತಿನಲ್ಲಿ 1568ರ ರಾಜಮದುವೆಯ ಕುದುರೆ ಕಾಳಗ: ಬವೇರಿಯದ ಬಿಳಿ-ನೀಲಿಯವನು, ಎದುರು ವಧುವಿನ ತವರು ಲೊರೇನ್‌ನವನು. ಎರಡನೇ ಸುತ್ತಿನಲ್ಲಿ ತವರಿನವನು ಹಿಂದಕ್ಕೆ ಮಲಗುತ್ತಾನೆ, ಪ್ರತಿದಿನವೂ. ಕೆಳಗಂತಸ್ತಿನಲ್ಲಿ ಪೀಪಾಯಿ ಮಾಡುವವರ ಕುಣಿತ. ಸುಮಾರು 12 ನಿಮಿಷ. ಅರ್ಧಕ್ಕೇ ಜನ ಚದುರುತ್ತಾರೆ; ಕೊನೆಗೆ ಮೇಲಿನ ಚಿನ್ನದ ಹುಂಜ ಮೂರು ಬಾರಿ ಕೂಗುವವರೆಗೆ ನಿಲ್ಲಿ.

ಊಟದ ವಿಷಯಕ್ಕೆ ಬಂದರೆ, ಸಸ್ಯಾಹಾರಿಗಳು "ಮಾಂಸ ಬೇಡ" ಎಂದರೆ ಸಾಲದು, ಆಲೂಗೆಡ್ಡೆ ಸೂಪಿನಲ್ಲೂ ಹಂದಿಯ ಚೂರು ಇರಬಹುದು. "ವೆಗೆಟಾರಿಶ್" ಎಂದೇ ಕೇಳಿ. ಕೇಸೆ-ಶ್ಪೆಟ್ಸ್‌ಲೆ ನಂಬಬಹುದಾದ ತಿಂಡಿ: ಚೀಸ್‌ನಲ್ಲಿ ಬೆರೆಸಿದ ಮೊಟ್ಟೆ-ಹಿಟ್ಟಿನ ಶಾವಿಗೆ, ಮೇಲೆ ಕರಿದ ಈರುಳ್ಳಿ. ಮೊಟ್ಟೆಯೂ ಬೇಡವೆಂದರೆ ಬ್ರೆಟ್ಸೆಲ್ ಎಂಬ ಗಂಟು ಹಾಕಿದ ಬ್ರೆಡ್ ಮತ್ತು ಬೆಣ್ಣೆ; ಹಿಟ್ಟಿಗೆ ಹಂದಿ ಕೊಬ್ಬು ಹಾಕಿಲ್ಲ ತಾನೇ ಎಂದು ಕೇಳಿಕೊಳ್ಳಿ. ನೀರಿಗೂ ಬಿಲ್ ಬರುತ್ತದೆ. ಟಿಪ್ಸ್ ಮೇಜಿನ ಮೇಲೆ ಬಿಟ್ಟುಬರುವುದಲ್ಲ, ಕೊಡುವಾಗಲೇ ಒಟ್ಟು ಮೊತ್ತ ಹೇಳಿಬಿಡುವುದು ಇಲ್ಲಿನ ರೂಢಿ. ಕೈಯಲ್ಲಿ ಚಿಲ್ಲರೆ ಇರಲಿ, ಶೌಚಾಲಯಕ್ಕೂ ಬೇಕು.

ಭಾನುವಾರ ಅಂಗಡಿಗಳು ಬಹುತೇಕ ಬಂದ್, ವಿಕ್ಟುವಾಲಿಯೆನ್ ಮಾರುಕಟ್ಟೆಯೂ ಸೇರಿ. ಮನೆಯವರಿಗೆ ಚಾಕೊಲೇಟ್ ಕೊಳ್ಳುವುದು ಶನಿವಾರವೇ ಮುಗಿಯಲಿ.

ಮಧ್ಯಾಹ್ನ 2ರಿಂದ ಮೂರೂವರೆ ಇಂಗ್ಲಿಷ್ ಗಾರ್ಡನ್ನಿಗೆ. ಮೊನೊಪ್ಟೆರೊಸ್ ಎಂಬ ದುಂಡು ಮಂಟಪದ ದಿಬ್ಬದಿಂದ ಬೋಳು ಮರಗಳ ಆಚೆ ಚರ್ಚ್ ಗೋಪುರಗಳ ಸಾಲು ಕಾಣುತ್ತದೆ. ಬೇಸಿಗೆಯಲ್ಲಿ ಎಲೆ ಅಡ್ಡ ಬರುತ್ತದೆ, ಇದು ಚಳಿಗಾಲದ ಲಾಭ. ನಿಂಫೆನ್‌ಬುರ್ಗ್ ಅರಮನೆಯನ್ನು ಈ ಋತುವಿನಲ್ಲಿ ಬಿಡಿ, ಉದ್ಯಾನದೊಳಗಿನ ಚಿಕ್ಕ ಅರಮನೆಗಳು ಅಕ್ಟೋಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಮುಚ್ಚಿರುತ್ತವೆ.

ಕತ್ತಲಾಗುವ ಹೊತ್ತಿಗೆ ಆಲ್ಟೆ ಪಿನಾಕೊಥೆಕ್ ಎಂಬ ಚಿತ್ರಕಲಾ ಮ್ಯೂಸಿಯಂಗೆ. ಭಾನುವಾರದ ನಿಜವಾದ ಸಂಪಾದನೆ ಇದೇ: ಆ ದಿನ ಪ್ರವೇಶ ಒಂದೇ ಯೂರೊ, ಸಂಜೆ 6ರವರೆಗೆ ತೆರೆದಿರುತ್ತದೆ. ಒಳಗೆ ಹೀಟರ್ ಬಿಸಿ, ಜಾಕೆಟ್ ಮತ್ತು ಬ್ಯಾಗನ್ನು ಲಾಕರಿನಲ್ಲಿಟ್ಟು ಹಗುರಾಗಿ. ಎರಡು ಗಂಟೆಯಲ್ಲಿ ಎಲ್ಲವನ್ನೂ ನೋಡಲು ಹೋಗಬೇಡಿ. ಜರ್ಮನ್ ಚಿತ್ರಕಾರ ಡ್ಯೂರರ್ 1500ರಲ್ಲಿ ಬರೆದುಕೊಂಡ ತನ್ನದೇ ಚಿತ್ರ ಹುಡುಕಿ: ತುಪ್ಪಳದ ಕೋಟು, ನೇರ ನೋಟ, ಕ್ರಿಸ್ತನ ಚಿತ್ರಗಳ ಭಂಗಿ. ತುಪ್ಪಳ ಹಿಡಿದಿರುವ ಬೆರಳುಗಳನ್ನು ಹತ್ತಿರದಿಂದ ನೋಡಿ, ಒಂದೊಂದು ಕೂದಲೂ ಬೇರೆ. ಆಲ್ಟ್‌ಡಾರ್ಫರ್ 1529ರಲ್ಲಿ ಬರೆದ ಅಲೆಕ್ಸಾಂಡರನ ಇಸ್ಸಸ್ ಯುದ್ಧದ ಚಿತ್ರದ ಎದುರು ಹತ್ತು ನಿಮಿಷ ನಿಲ್ಲಿ, ಇರುವೆ ಸಾಲಿನಂತೆ ಸೈನಿಕರು, ಅವರ ಮೇಲೆ ಇಡೀ ಆಕಾಶ. ಬರುವಾಗ ಕಟ್ಟಡದ ಹೊರಗೋಡೆಯನ್ನೂ ಗಮನಿಸಿ. ಬಾಂಬ್ ಬಿದ್ದು ಒಡೆದ ಭಾಗವನ್ನು ವಾಸ್ತುಶಿಲ್ಪಿ ಹಾನ್ಸ್ ಡ್ಯೋಲ್‌ಗಾಸ್ಟ್ ಅಲಂಕಾರವಿಲ್ಲದ ಬರಿ ಇಟ್ಟಿಗೆಯಲ್ಲಿ ತುಂಬಿ, ಗಾಯ ಕಾಣುವ ಹಾಗೇ ಬಿಟ್ಟರು.

ಡಿಸೆಂಬರ್ 24ಕ್ಕೆ ಮುಂಚಿನ ವಾರಗಳಾದರೆ ರಾತ್ರಿ ಮತ್ತೆ ಮರಿಯೆನ್‌ಪ್ಲಾಟ್ಸ್‌ನ ಕ್ರಿಸ್‌ಮಸ್ ಸಂತೆಗೆ. ಬಿಸಿ ವೈನ್ ಬೇಡದವರು ಕಿಂಡರ್‌ಪುನ್ಶ್ ಕೇಳಿ, ಮಸಾಲೆ ಹಾಕಿದ ಬಿಸಿ ಹಣ್ಣಿನ ರಸ. ಮಗ್ಗಿಗೆ ಠೇವಣಿ ಸೇರಿಸಿ ಹಣ ತೆಗೆದುಕೊಳ್ಳುತ್ತಾರೆ. ಕೊಂಡ ಅಂಗಡಿಗೇ ಮಗ್ ಮರಳಿಸಿ, ಬಿಲ್ಲೆ ಕೊಟ್ಟಿದ್ದರೆ ಅದನ್ನೂ. ಜನವರಿಯಲ್ಲಿ ಹೋಗುವವರಿಗೆ ಸಂತೆ ಇರುವುದಿಲ್ಲ, ಬದಲಿಗೆ 6ನೇ ತಾರೀಕು ಬವೇರಿಯದಲ್ಲಿ ಸರ್ಕಾರಿ ರಜೆ. ಆ ದಿನ ವಾರದ ನಡುವೆ ಬಿದ್ದರೆ ಕ್ಲೈಂಟ್ ಆಫೀಸೂ ಮುಚ್ಚಿರುತ್ತದೆ, ನಿಮಗೆ ಇನ್ನೊಂದು ದಿನ ಸಿಕ್ಕ ಹಾಗೆ. ಒಂದು ಯೂರೊ ದರ ಮಾತ್ರ ಭಾನುವಾರಕ್ಕೇ.