ಬಳಕೆದಾರರ ವರದಿಯಲ್ಲಿ ‘ನಾನು’ ಯಾಕೆ?

“ಜನ ಕಂಪ್ಯೂಟರ್ ಹೇಗೆ ಬಳಸುತ್ತಾರೆ ಅಂತ ನೋಡಲು ಹೋದವರು ನೀವು. ವರದಿಯಲ್ಲಿ ನಿಮ್ಮ ವಿಷಯ ಯಾಕೆ?” ಡಿಸೈನರ್‌ಗಳು ಪ್ರತಿ ಸಲ ಕೇಳುವ ಪ್ರಶ್ನೆ ಇದು.

ಒಮ್ಮೆ ಒಂದು ಆಸ್ಪತ್ರೆಯ ನೋಂದಣಿ ಕೌಂಟರ್‌ನಲ್ಲಿ ಕೂತಿದ್ದೆ. ಮೂರು ದಿನ ಎಲ್ಲವೂ ಸಲೀಸು. ಕೌಂಟರ್‌ನಲ್ಲಿದ್ದವರು ರೋಗಿಯ ಹೆಸರು, ವಯಸ್ಸನ್ನು ನೇರವಾಗಿ ಟೈಪ್ ಮಾಡುತ್ತಿದ್ದರು. ನಾಲ್ಕನೇ ದಿನ ನಾನು ನೀರು ಕುಡಿದು ಬರುವಷ್ಟರಲ್ಲಿ ಕೀಬೋರ್ಡ್ ಅಡಿಯಿಂದ ರೋಗಿಗಳ ವಿವರ ಬರೆದ ಚೀಟಿಗಳು ಹೊರಬಂದಿದ್ದವು. ನನ್ನನ್ನು ಕಂಡು ಅವರು ಅಂಗೈ ಅಡ್ಡ ಇಟ್ಟರು. “ನೀವು ಮೇಲಿನ ಆಫೀಸಿಂದ ಚೆಕಿಂಗ್‌ಗೆ ಬಂದವರು ಅಂದುಕೊಂಡಿದ್ದೆ ಮೇಡಂ” ಎಂದರು. ನನ್ನ ಕೊರಳಲ್ಲಿ ಐಡಿ ಕಾರ್ಡ್ ನೇತಾಡುತ್ತಿತ್ತು.

ಮರುದಿನ ಕಾರ್ಡ್ ಬ್ಯಾಗಿಗೆ ಹಾಕಿದೆ. ಚೀಟಿಗಳು ಮೇಜಿನ ಮೇಲೇ ಇದ್ದವು. ಎಷ್ಟೋ ಚೀಟಿಗಳಲ್ಲಿ ಫೋನ್ ನಂಬರ್ ಇರಲಿಲ್ಲ. ಸಾಫ್ಟ್‌ವೇರ್ ಮಾತ್ರ ನಂಬರ್ ಇಲ್ಲದೆ ಮುಂದೆ ಹೋಗುತ್ತಿರಲಿಲ್ಲ! ಕಾರ್ಡಿನ ವಿಷಯ ಬಿಟ್ಟು ಮೊದಲ ಮೂರು ದಿನದ್ದನ್ನಷ್ಟೇ ಬರೆದಿದ್ದರೆ, ಆ ಫಾರ್ಮ್‌ನಲ್ಲಿ ತೊಂದರೆಯೇ ಇಲ್ಲ ಅಂತಾಗುತ್ತಿತ್ತು.

ಜನರ ನಡುವೆ ಇದ್ದು ಅವರ ಬದುಕು, ಕೆಲಸವನ್ನು ನೋಡಿ ಬರೆಯುವುದು ಎಥ್ನೋಗ್ರಫಿ. ಅದರಲ್ಲಿ ನೋಡುವವರನ್ನೂ ಸೇರಿಸಿ ಬರೆದರೆ ರಿಫ್ಲೆಕ್ಸಿವ್ ಎಥ್ನೋಗ್ರಫಿ ಎನ್ನುತ್ತಾರೆ. ನೋಡುವವರು ಯಾರು, ಅವರು ಅಲ್ಲಿ ಇದ್ದದ್ದರಿಂದ ಏನು ಬದಲಾಯಿತು ಎಂಬುದೂ ಅಧ್ಯಯನದ ಭಾಗ. ಮಾನವಶಾಸ್ತ್ರದಲ್ಲಿ ಇದು ಹಳೆಯ ಚರ್ಚೆ. ಮಾನವಶಾಸ್ತ್ರಜ್ಞ ಮಾಲಿನೋವ್‌ಸ್ಕಿ ಪೆಸಿಫಿಕ್ ದ್ವೀಪಗಳ ಜನರ ಬಗೆಗಿನ 1922ರ ತಮ್ಮ ಪುಸ್ತಕದಿಂದ ಹೆಸರಾದವರು. ಅವರು ತೀರಿಕೊಂಡ ಮೇಲೆ, 1967ರಲ್ಲಿ, ಅವರ ಡೈರಿ ಅಚ್ಚಾಯಿತು. ಆ ದ್ವೀಪಗಳ ಜನರ ಮೇಲಿನ ಸಿಡುಕೆಲ್ಲ ಅದರಲ್ಲಿತ್ತು. ಜನ ಕಂಪ್ಯೂಟರ್ ಜೊತೆ ಹೇಗೆ ವ್ಯವಹರಿಸುತ್ತಾರೆ ಎಂದು ಅಧ್ಯಯನ ಮಾಡುವ ನಮ್ಮ ಎಚ್‌ಸಿಐ ಕ್ಷೇತ್ರ ಎಥ್ನೋಗ್ರಫಿಯನ್ನು ತಂದುಕೊಂಡಿತು, ಈ ಚರ್ಚೆಯನ್ನು ಅಷ್ಟಾಗಿ ತರಲಿಲ್ಲ. 2006ರಲ್ಲಿ ಇದೇ ಕ್ಷೇತ್ರದ ಸಂಶೋಧಕ ಪಾಲ್ ಡೌರಿಶ್, ಎಥ್ನೋಗ್ರಫಿಯನ್ನು ಕೊನೆಯಲ್ಲಿ ಕೊಡುವ ಡಿಸೈನ್ ಸಲಹೆಗಳಿಂದಷ್ಟೇ ಅಳೆಯುವುದು ತಪ್ಪು ಎಂದರು. 2011ರಲ್ಲಿ ಇನ್ನೊಬ್ಬ ಸಂಶೋಧಕಿ ಜೆನಿಫರ್ ರೋಡ್ ಈ ಕ್ಷೇತ್ರಕ್ಕೆ ರಿಫ್ಲೆಕ್ಸಿವ್ ಬರವಣಿಗೆ ಯಾಕೆ ಬೇಕು ಎಂದು ವಾದಿಸಿದರು.

“ಹಾಗಾದ್ರೆ ಪಕ್ಷಪಾತ ಇದೆ ಅಂತ ಒಪ್ಪಿಕೊಂಡಂತೆ ಅಲ್ವಾ?” ಹೌದು, ಒಪ್ಪಿಕೊಳ್ಳುತ್ತೇನೆ. ಬರೆಯದಿದ್ದರೂ ಅದು ಇದ್ದೇ ಇರುತ್ತದೆ. ಬರೆದರೆ ಓದುವವರು ತೂಗಿ ನೋಡಬಹುದು.

ಆದರೆ ಸುಮ್ನೆ ನನ್ನ ಊರು, ಓದು, ಹಿನ್ನೆಲೆ ಅಂತ ಒಂದು ಪ್ಯಾರಾ ಹಾಕಿ ಕೈತೊಳೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ನನ್ನ ಬಗೆಗಿನ ಒಂದು ಸಾಲು ತೆಗೆದರೆ ಡಿಸೈನ್ ತೀರ್ಮಾನ ಬದಲಾಗುತ್ತದೆಯೇ? ಬದಲಾದರೆ ಅದು ಉಳಿಯಬೇಕು. ಐಡಿ ಕಾರ್ಡಿನ ಸಾಲು ಉಳಿಯಿತು. ಆ ದಿನ ನನಗೆಷ್ಟು ಬೇಜಾರಾಯಿತು ಎಂಬ ಸಾಲನ್ನು ಹೊಡೆದುಹಾಕಿದೆ.