“ಸಿಸ್ಟರ್, ಕಿವಿಯ ಮೇಲ್ಭಾಗದಲ್ಲಿ ಚುಚ್ಚಿಸಿಕೊಳ್ಳಬಹುದೇ?”

ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಹದಿನಾರು ವರ್ಷಗಳಿಂದ ಶುಶ್ರೂಷಕಿಯಾಗಿರುವ ನನ್ನನ್ನು ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಕೆಲವೊಮ್ಮೆ ವಾರ್ಡಿನ ಬಾಗಿಲಲ್ಲೇ ನಿಲ್ಲಿಸಿ ಹುಡುಗಿಯರೂ ಅವರ ತಾಯಂದಿರೂ ಕೇಳುವ ಪ್ರಶ್ನೆ ಇದು: ಹಾಲೆಯಲ್ಲಿ ಒಂದು ತೂತು ಇದ್ದೇ ಇದೆ, ಇನ್ನೊಂದನ್ನು ಎಲ್ಲಿ ಚುಚ್ಚಿಸಿದರೆ ಒಳ್ಳೆಯದು, ಯಾರ ಕೈಯಲ್ಲಿ ಚುಚ್ಚಿಸಬೇಕು? ನಿಂತಲ್ಲೇ ಹೇಳಿದ ಉತ್ತರ ಯಾವಾಗಲೂ ಅರ್ಧಕ್ಕೇ ನಿಲ್ಲುತ್ತದೆಯಾದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಕಿವಿ ಕಣ್ಣಿಗೆ ಒಂದೇ ಅಂಗವಾಗಿ ಕಂಡರೂ ಚುಚ್ಚುವವರ ಪಾಲಿಗೆ ಅದರಲ್ಲಿ ಎರಡು ಭಾಗಗಳಿವೆ. ಹಾಲೆಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಅಂಚಿನುದ್ದಕ್ಕೂ ಮೆಲ್ಲಗೆ ಮೇಲಕ್ಕೆ ಸವರಿಕೊಂಡು ಹೋಗಿ. ಅಷ್ಟು ಹೊತ್ತು ಮೆತ್ತಗಿದ್ದದ್ದು ಒಂದು ಕಡೆ ಬಿಗಿಯಾಗುತ್ತದೆ. ಅಲ್ಲಿಂದ ಮೇಲಕ್ಕೆ ಎಳೆಮೂಳೆ. ಹಾಲೆಯಲ್ಲಿ ಚರ್ಮ, ಕೊಬ್ಬು ಮತ್ತು ಧಾರಾಳವಾದ ರಕ್ತನಾಳಗಳಿರುವುದರಿಂದ ಅಲ್ಲಿ ಮಾಡಿದ ಗಾಯ ಸಾಮಾನ್ಯವಾಗಿ 6ರಿಂದ 8 ವಾರಗಳಲ್ಲಿ ಮಾಯುತ್ತದೆ. ಎಳೆಮೂಳೆಗೆ ಮಾತ್ರ ಸ್ವಂತ ರಕ್ತನಾಳಗಳಿಲ್ಲ; ಅದನ್ನು ಹೊದ್ದಿರುವ ತೆಳುವಾದ ಪೊರೆಯಿಂದಲೇ ಅದಕ್ಕೆ ಪೋಷಣೆ. ಆ ಪೊರೆಗೂ ಮೂಳೆಗೂ ನಡುವೆ ಕೀವು ತುಂಬಿಕೊಂಡರೆ ಪೋಷಣೆ ತಪ್ಪಿ ಮೂಳೆ ಸಾಯುತ್ತದೆ, ಸತ್ತ ಭಾಗ ಮತ್ತೆ ಬೆಳೆಯುವುದಿಲ್ಲ. ಸೋಂಕಿಲ್ಲದೆ ಎಲ್ಲವೂ ಸರಿಯಾಗಿ ನಡೆದರೂ ಎಳೆಮೂಳೆಯ ತೂತು ಪೂರ್ತಿ ಮಾಯಲು ಆರು ತಿಂಗಳಿಂದ ಒಂದು ವರ್ಷ ಬೇಕು.

ಇದನ್ನು ಇಷ್ಟು ಒತ್ತಿ ಹೇಳಲು ಒಬ್ಬ ವಿದ್ಯಾರ್ಥಿನಿ ಕಾರಣ. ಮೇಲಂಚಿನಲ್ಲಿ ಗನ್ನಿನಿಂದ ಚುಚ್ಚಿಸಿಕೊಂಡು ಒಂಬತ್ತನೆಯ ದಿನಕ್ಕೆ ಅವಳು ನಮ್ಮಲ್ಲಿಗೆ ಬಂದಾಗ ಕಿವಿಯ ಮೇಲ್ಭಾಗವೆಲ್ಲ ಕೆಂಪಾಗಿ, ಮಡಿಕೆಗಳು ಮುಚ್ಚಿಹೋಗುವಷ್ಟು ಊದಿಕೊಂಡಿತ್ತು, ಹಾಲೆ ಮಾತ್ರ ಏನೂ ಆಗಿಲ್ಲವೆಂಬಂತೆ ಮೊದಲಿನ ಹಾಗೆಯೇ ಇತ್ತು. ಎಳೆಮೂಳೆಯ ಪೊರೆಗೆ ಸೋಂಕು ತಗುಲಿದೆ ಎನ್ನುವುದಕ್ಕೆ ಈ ವ್ಯತ್ಯಾಸವೇ ಗುರುತು. ಸ್ಟಡ್ಡನ್ನು ಹಿಂಬದಿಯಿಂದ ಹಿಡಿದಿಡುವ ಚಿಟ್ಟೆಯಾಕಾರದ ಬಿಲ್ಲೆ ಊತದೊಳಗೆ ಹೂತುಹೋಗಿತ್ತು. ವೈದ್ಯರು ಕೊಯ್ದು ಕೀವು ತೆಗೆದರು, ಹತ್ತು ದಿನ ಔಷಧಿ ನಡೆಯಿತು, ನೋವು ಹೋಯಿತು. ಆದರೆ ಕಿವಿಯ ಆ ಅಂಚು ಒಳಕ್ಕೆ ಸುರುಟಿಕೊಂಡೇ ಉಳಿಯಿತು. ಅವಳು ಈಗಲೂ ಆ ಬದಿಯ ಕೂದಲನ್ನು ಹಿಂದಕ್ಕೆ ಕಟ್ಟುವುದಿಲ್ಲ.

ಹಾಗಾದರೆ ಮೇಲೆ ಚುಚ್ಚಿಸಲೇಬಾರದೇ ಎಂದರೆ ಹಾಗಲ್ಲ. ನಮ್ಮ ಅಜ್ಜಿಯಂದಿರು ಬುಗುಡಿ ಇಟ್ಟುಕೊಳ್ಳುತ್ತಿದ್ದದ್ದು ಈಗಿನವರು ಹೆಲಿಕ್ಸ್ ಎನ್ನುವ ಅದೇ ಮೇಲಂಚಿನಲ್ಲಿ. ಮೊದಲ ಸಲ ಹೆಚ್ಚಿನ ತೂತು ಬಯಸುವವರಿಗೆ ನಾನು ಹೇಳುವುದು ಹಾಲೆಯಲ್ಲಿಯೇ ಎರಡನೆಯದನ್ನು, ಮೊದಲಿನದಕ್ಕೆ ತೀರ ಒತ್ತಾಗದಂತೆ ಚುಚ್ಚಿಸಿ ಎಂದು. ಅದು ಮಾಯುವ ರೀತಿಯನ್ನು ನೋಡಿದರೆ ನಿಮ್ಮ ಚರ್ಮದ ಸ್ವಭಾವ ನಿಮಗೇ ತಿಳಿಯುತ್ತದೆ. ಅದು ಸಲೀಸಾದರೆ ಮುಂದಿನದು ಹೆಲಿಕ್ಸ್, ಅದೂ ಒಂದೇ ಕಿವಿಗೆ, ಏಕೆಂದರೆ ತಿಂಗಳುಗಟ್ಟಲೆ ಮಲಗಲು ಇನ್ನೊಂದು ಮಗ್ಗುಲು ಬೇಕು. ಕಿವಿಯ ದ್ವಾರದ ಮುಂದಿರುವ ಪುಟ್ಟ ಗುಬುಟು, ಅಂದರೆ ಟ್ರೇಗಸ್, ಚೆನ್ನಾಗಿ ಕಾಣುತ್ತದೆ ನಿಜ; ಆದರೆ ದಿನವಿಡೀ ಕಿವಿಯೊಳಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವವರಿಗೆ ಅದು ಹೊಂದುವುದಿಲ್ಲ. ಬಟ್ಟಲಿನಂತಿರುವ ಕಾಂಕ್, ಒಳಮಡಿಕೆಯ ರೂಕ್ ಇವೆಲ್ಲ ಎಳೆಮೂಳೆ ದಪ್ಪವಾಗಿರುವ ಜಾಗಗಳು, ಪಳಗಿದ ಕೈಯೇ ಆಗಬೇಕು. ಎರಡು ತೂತುಗಳಿಗೆ ಅಡ್ಡಲಾಗಿ ಒಂದೇ ಸರಳು ಹಾಕುವ ಇಂಡಸ್ಟ್ರಿಯಲ್ ಅನ್ನು, ಕೇಳಿದವರಿಗೆಲ್ಲ ಬೇಡವೆಂದೇ ಹೇಳುತ್ತೇನೆ. ಒಂದು ತೂತಿಗೆ ತೊಂದರೆಯಾದರೆ ಸರಳಿನ ಮೂಲಕ ಇನ್ನೊಂದಕ್ಕೂ ಎಳೆತ ಬೀಳುತ್ತದೆ.

ಎಲ್ಲಿ ಎಂಬುದು ತೀರ್ಮಾನವಾದ ಮೇಲೆ ಯಾವುದರಿಂದ ಎಂಬುದು ಮುಖ್ಯ. ಗನ್ನು ಸ್ಪ್ರಿಂಗಿನ ಬಲದಿಂದ ಅಷ್ಟೇನೂ ಚೂಪಿಲ್ಲದ ಸ್ಟಡ್ಡನ್ನು ಒಳಕ್ಕೆ ನೂಕುತ್ತದೆ, ಹಾಲೆ ಇದನ್ನು ತಡೆದುಕೊಂಡರೂ ಎಳೆಮೂಳೆ ಜಜ್ಜಿಹೋಗಬಹುದು. ಒಳಗೆ ಟೊಳ್ಳಾದ ಸೂಜಿ ಹಾಗಲ್ಲ, ತನ್ನ ದಾರಿಯನ್ನು ಕತ್ತರಿಸಿಕೊಂಡು ಹೋಗುತ್ತದೆ. ಇನ್ನೊಂದು ವಿಷಯ, ರೋಗಾಣುಗಳನ್ನು ಕೊಲ್ಲುವ ಯಂತ್ರವಾದ ಆಟೋಕ್ಲೇವಿನಲ್ಲಿ ಉಪಕರಣಗಳನ್ನು 121 ಡಿಗ್ರಿ ಸೆಲ್ಸಿಯಸ್ಸಿನ ಹಬೆಯಲ್ಲಿ ಕನಿಷ್ಠ 15 ನಿಮಿಷ ಇಡಬೇಕಾಗುತ್ತದೆ. ಪ್ಲಾಸ್ಟಿಕ್ ಭಾಗಗಳಿರುವ ಸಾಮಾನ್ಯ ಗನ್ನು ಅದನ್ನು ತಾಳದಿರುವುದರಿಂದ ಒರೆಸಿ ಮತ್ತೆ ಬಳಸುತ್ತಾರೆ, ಒರೆಸುವ ದ್ರವವೇ ಕೆಟ್ಟಿದ್ದರೆ ಎಲ್ಲವೂ ಕೆಟ್ಟಂತೆ. 2000ದಲ್ಲಿ ಅಮೆರಿಕದ ಆರೆಗಾನ್ ರಾಜ್ಯದ ಒಡವೆ ಮಳಿಗೆಯೊಂದರಲ್ಲಿ ಮೇಲ್ಕಿವಿ ಚುಚ್ಚಿಸಿಕೊಂಡವರ ಪೈಕಿ ಏಳು ಮಂದಿಗೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಖಚಿತವಾಗಿತ್ತು, ಅದರ ಮೂಲ ಸಿಂಪಡಿಸುತ್ತಿದ್ದ ಸೋಂಕುನಿವಾರಕದ ಬಾಟಲಿಯೇ ಆಗಿತ್ತು.

ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಕಿವಿ ಚುಚ್ಚುವುದನ್ನು ಹೇಳುತ್ತದೆ. ಎಡಗೈಯಲ್ಲಿ ಮಗುವಿನ ಕಿವಿಯನ್ನು ಎಳೆದು ಹಿಡಿದು, ಸೂರ್ಯನ ಬೆಳಕು ತೂರಿ ಹೊಳೆಯುವ ‘ದೈವಕೃತ ಛಿದ್ರ’ವನ್ನು ಕಂಡುಕೊಂಡು, ಅಲ್ಲಿ ಮೆಲ್ಲಗೆ, ನೇರವಾಗಿ ಚುಚ್ಚಬೇಕು, ತೆಳು ಕಿವಿಗೆ ಸೂಜಿ, ದಪ್ಪ ಕಿವಿಗೆ ದಬ್ಬಳ, ಹೆಚ್ಚು ರಕ್ತವೋ ನೋವೋ ಬಂದರೆ ಜಾಗ ತಪ್ಪಿತೆಂದು ಅರ್ಥ. ಇದನ್ನು ಓದಿದ ದಿನ ನಾನು ಅಕ್ಕನ ಮಗಳ ಕಿವಿಯ ಹಿಂದೆ ಮೊಬೈಲಿನ ಟಾರ್ಚು ಹಿಡಿದು ನೋಡಿದೆ. ಕೆಂಪು ಬೆಳಕಿನಲ್ಲಿ ರಕ್ತನಾಳಗಳು ಎಲೆಯ ನರಗಳಂತೆ ಕಪ್ಪಾಗಿ ಕಂಡವು, ಅವುಗಳ ನಡುವಿನ ತಿಳಿಯಾದ ಜಾಗಗಳೂ ಕಂಡವು. ಚುಚ್ಚುವವರು ಇಷ್ಟು ನೋಡುವ ತಾಳ್ಮೆ ಉಳ್ಳವರೇ ಎಂಬುದನ್ನು ನೀವೂ ಗಮನಿಸಿ. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಎದುರಿಗೇ ಬಿಚ್ಚಬೇಕು, ಕೈಗೆ ಗ್ಲೌಸು ಇರಬೇಕು, ಪೆನ್ನಿನಿಂದ ಗುರುತು ಹಾಕಿ ನೀವು ನೆಟ್ಟಗೆ ಕುಳಿತು ಕನ್ನಡಿಯಲ್ಲಿ ನೋಡಿ ಒಪ್ಪಿದ ಮೇಲೆಯೇ ಚುಚ್ಚಬೇಕು. ತಲೆತಲಾಂತರದಿಂದ ಈ ಕೆಲಸ ಮಾಡಿದ ಅಕ್ಕಸಾಲಿಗರ ಕೈಚಳಕದ ಬಗ್ಗೆ ನನಗೆ ಗೌರವವಿದೆ, ಆದರೆ ಒಂದೇ ಸೂಜಿಯನ್ನು ದೀಪಕ್ಕೆ ಹಿಡಿದು ಮತ್ತೊಬ್ಬರಿಗೆ ಬಳಸುವುದನ್ನು ಒಪ್ಪಲಾರೆ.

ಚಿನ್ನವೆಂದರೆ ಸಾಕು ಎಂದುಕೊಳ್ಳುವವರು ಇದನ್ನು ತಿಳಿದಿರಲಿ: 22 ಕ್ಯಾರೆಟ್ಟಿನಲ್ಲಿ ಚಿನ್ನ ನೂರಕ್ಕೆ 91.6 ಭಾಗ, ಉಳಿದದ್ದು ಬೇರೆ ಲೋಹ. 2 ಗ್ರಾಮಿಗಿಂತ ಕಡಿಮೆ ತೂಕದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲದ್ದರಿಂದ ಪುಟ್ಟ ಸ್ಟಡ್ಡಿನ ಮೇಲೆ ಆ ಗುರುತೇ ಇಲ್ಲದಿರಬಹುದು. ಕಿವಿ ತುರಿಸಿ ನೀರೊಡೆಯಲು ಹೆಚ್ಚಾಗಿ ಕಾರಣವಾಗುವುದು ನಿಕ್ಕಲ್. ಎಳೆಮೂಳೆಗೆ ಮೊದಲ ಒಡವೆಯಾಗಿ ಇಂಪ್ಲಾಂಟ್ ದರ್ಜೆಯ, ಅಂದರೆ ದೇಹದೊಳಗೆ ಅಳವಡಿಸಲು ಬಳಸುವಂಥ ಟೈಟೇನಿಯಂ, ಹಿಂಬದಿ ಚಪ್ಪಟೆಯಾಗಿರುವಂಥದ್ದು, ನನಗೆ ತಿಳಿದ ಮಟ್ಟಿಗೆ ಎಲ್ಲಕ್ಕಿಂತ ಸುರಕ್ಷಿತ.

ಮಗುವಿಗಾದರೆ ನಾಮಕರಣದ ದಿನವೇ ಬೇಡ. 6, 10, 14 ವಾರಗಳ ಪೆಂಟಾವೇಲೆಂಟ್ (ಐದು ರೋಗಗಳನ್ನು ತಡೆಯುವ) ಲಸಿಕೆಗಳು ಮುಗಿದರೆ ಧನುರ್ವಾಯುವಿನಿಂದ ರಕ್ಷಣೆ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಗಾಯದ ಮೇಲೆ ಗಂಟು ಬೆಳೆಯುವ ಕೀಲಾಯ್ಡ್ ಇದ್ದರೆ ಚರ್ಮವೈದ್ಯರನ್ನು ಕಾಣದೆ ಚುಚ್ಚಿಸಬೇಡಿ.

ಆಮೇಲಿನ ಆರೈಕೆಯಲ್ಲಿ ಮಾಡಬೇಕಾದ್ದಕ್ಕಿಂತ ಬಿಡಬೇಕಾದ್ದೇ ಹೆಚ್ಚು. ಔಷಧಿ ಅಂಗಡಿಯ ನಾರ್ಮಲ್ ಸಲೈನ್ ಎಂಬ ಉಪ್ಪುನೀರಿನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ದಿನಕ್ಕೆ ಎರಡು ಸಲ ಒರೆಸಿದರೆ ಸಾಕು. ಕೊಬ್ಬರಿ ಎಣ್ಣೆ, ಅರಿಶಿನ, ಸ್ಪಿರಿಟ್ಟು ಬೇಡ. ಅಂಟಿಕೊಳ್ಳದಿರಲೆಂದು ಒಡವೆಯನ್ನು ತಿರುಗಿಸುವುದಂತೂ ಬೇಡವೇ ಬೇಡ, ಕಟ್ಟುತ್ತಿರುವ ಹೊಸ ಚರ್ಮ ಪ್ರತಿ ಸಲವೂ ಹರಿಯುತ್ತದೆ. ಸ್ಕೂಟರ್ ಓಡಿಸುವವರು ಹೆಲ್ಮೆಟ್ಟನ್ನು ಎರಡೂ ಬದಿಯಿಂದ ಅಗಲಿಸಿ ಹಿಡಿದು ಹಾಕಿಕೊಳ್ಳಬೇಕು, ತೆಗೆಯುವಾಗ ಇನ್ನೂ ನಿಧಾನ. ಊತವೋ ಕೆಂಪೋ ದಿನದಿಂದ ದಿನಕ್ಕೆ ಏರುತ್ತಿದ್ದರೆ ಒಡವೆಯನ್ನು ನೀವೇ ಕಿತ್ತುಹಾಕದೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ತೂತು ಮುಚ್ಚಿಕೊಂಡರೆ ಕೀವು ಒಳಗೇ ಉಳಿಯುತ್ತದೆ.

ಅಕ್ಕನ ಮಗಳು ಕೊನೆಗೆ ಎಡಗಿವಿಯ ಹೆಲಿಕ್ಸನ್ನೇ ಆರಿಸಿಕೊಂಡಳು. ಊತಕ್ಕೆಂದು ಬಿಟ್ಟ ಉದ್ದದ ಕಡ್ಡಿಯನ್ನು ಎಂಟನೆಯ ವಾರದಲ್ಲಿ ಗಿಡ್ಡದಕ್ಕೆ ಬದಲಿಸಿದ್ದಾಯಿತು. ಐದು ತಿಂಗಳಾದ ಮೇಲೆ, “ಚಿಕ್ಕಮ್ಮ, ಇನ್ನು ಅಜ್ಜಿಯ ಬುಗುಡಿ ಹಾಕಿಕೊಳ್ಳಬಹುದಲ್ಲವೇ?” ಎಂದು ಕೇಳಿದಳು. ಬುಗುಡಿಯ ಕಡ್ಡಿ ಅವಳ ತೂತಿಗಿಂತ ದಪ್ಪ, ಮುತ್ತುಗಳ ತೂಕ ಬೇರೆ. ವರ್ಷ ತುಂಬಲಿ, ಆಮೇಲೆ ಕಡ್ಡಿಯನ್ನು ತೆಳುವಾಗಿ ಮಾಡಿಸಿ ಹಾಕೋಣ ಎಂದು ಹೇಳಿ ಅದನ್ನು ಮತ್ತೆ ಡಬ್ಬಿಯಲ್ಲಿಟ್ಟಿದ್ದೇನೆ.